ಯಾವ ಬೆಳಗು

ನವೆಂಬರ್ ಕೊನೆಗೆ ವಾಡ್ಸೊದಲ್ಲಿ ಸೂರ್ಯ
ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ.
ಜನವರಿ ಅರ್ಧ ಕಳೆಯುವವರೆಗೆ ಬಾಗಿಲು ತೆಗೆಯುವುದಿಲ್ಲ.

ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು?
ಕೇಳಿದರು ಡಾಕ್ಟರು.
ಯಾವ ಬೆಳಗು, ಎಂದಳು ಇಂಗುನ್.
ಅವರು ನಕ್ಕರು. ಅವಳು ತಮಾಷೆ ಮಾಡಿರಲಿಲ್ಲ.

ಅವಳ ಲೆಕ್ಕ ಬೇರೆ.
ರಾತ್ರಿ ಮೂರಕ್ಕೆ ಸೊಂಟದ ಕೆಳಗೆ ಯಾರೋ
ಹಿಮ ಕಟ್ಟಿದ ಬೀಗಕ್ಕೆ ಕೀಲಿ ಹಾಕುತ್ತಾರೆ.
ಮಲಗಿದರೆ ಪೂರ್ತಿ ನೋವು, ಎದ್ದರೆ ಅರ್ಧ.
ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ
ನಲವತ್ತು ಸುತ್ತು. ಬೆಕ್ಕು ಎಣಿಸುತ್ತದೆ.
ಆಮೇಲಷ್ಟೇ ಕೈ ಬೂಟಿನ ಲೇಸಿಗೆ ಮುಟ್ಟುತ್ತದೆ.

ಕಾರ್ಖಾನೆಯಲ್ಲಿ ಕಾಡ್ ಮೀನಿನ ಬೆನ್ನುಮೂಳೆಯನ್ನು
ಒಂದೇ ಎಳೆತಕ್ಕೆ ಬಿಡಿಸುವವಳು,
ಅದು ಎಷ್ಟು ಸುಲಭವಾಗಿ ಬಾಗುತ್ತದೆಂದು ನೋಡಿ
ಹೊಟ್ಟೆಕಿಚ್ಚು ಪಟ್ಟಿದ್ದಾಳೆ, ಸತ್ತ ಮೀನಿನ ಮೇಲೆ.

ಹೆರಿಗೆಯಾದ ಮೇಲೆ ಹೀಗೇ, ಎಂದರು.
ಎರಡನೆಯದಾದ ಮೇಲೂ ಹೀಗೇ, ಎಂದರು.
ಆಮೇಲೆ ನಿಂತು ಮಾಡುವ ಕೆಲಸ, ಆಮೇಲೆ ಮನಸ್ಸು.
ಎಕ್ಸ್‌ರೇ ಸ್ವಚ್ಛ. ರಕ್ತಕ್ಕೂ ತಕರಾರಿಲ್ಲ.
ಇಂದು ಎಡ ಪಿರ್ರೆ, ನಾಡಿದ್ದು ಬಲ:
ಹೀಗೆ ಮನೆ ಬದಲಿಸುವ ನೋವನ್ನು ಯಾರು ನಂಬುತ್ತಾರೆ?
ಹಿಮ್ಮಡಿಗೆಂದು ಹೊಸ ಬೂಟು ಕೊಂಡಳು.
ದಣಿವಿಗೆ ಕೊಳ್ಳುವಂಥದ್ದು ಏನೂ ಸಿಗಲಿಲ್ಲ.

ಅಣ್ಣ ಒಡ್ವಾರ್‌ನದೂ ಇದೇ ಬೆನ್ನು,
ಸೈನ್ಯದ ತಪಾಸಣೆಯಲ್ಲೇ ಅದಕ್ಕೆ ಹೆಸರು ಸಿಕ್ಕಿತು.
ಅಜ್ಜ ಗಾಳದಂತೆ ಬಗ್ಗಿ, ನೆಲ ನೋಡುತ್ತಲೇ ತೀರಿಕೊಂಡ.
ಅದು ಗಂಡಸರ ಕಾಯಿಲೆ ಕಣೇ, ಎಂದಳು ಅಮ್ಮ,
ಕುತ್ತಿಗೆಯೊಂದನ್ನೇ ತಿರುಗಿಸಲಾಗದೆ
ಇಡೀ ಮೈ ಇವಳತ್ತ ತಿರುಗಿಸಿ.

ಹನ್ನೊಂದನೆಯ ವರ್ಷ ಕಣ್ಣು ಕೆಂಪಾಯಿತು.
ಬೀದಿದೀಪವೂ ಮುಳ್ಳಿನಂತೆ ಚುಚ್ಚಿತು.
ಕಣ್ಣಿನ ಡಾಕ್ಟರು, ಇನ್ನೂ ಎಳೆಯ ಹೆಂಗಸು,
ಯಂತ್ರದ ಆಚೆಯಿಂದ ಪಾಪೆಯೊಳಗೆ ನೋಡುತ್ತ
ಸಂಬಂಧವೇ ಇಲ್ಲದ್ದನ್ನು ಕೇಳಿದಳು:
ಅಪರಾತ್ರಿ ಬೆನ್ನು ಎಬ್ಬಿಸುತ್ತದೆಯೇ?
ಓಡಾಡಿದರೆ ಬಿಡುತ್ತದೆಯೇ?

ಗಲ್ಲವನ್ನು ಆ ಪ್ಲಾಸ್ಟಿಕ್ ಆಸರೆಯ ಮೇಲಿಟ್ಟುಕೊಂಡೇ
ಇಂಗುನ್ ಅತ್ತಳು.
ಅಲುಗಾಡಬೇಡಿ, ಎಂದಳು ಡಾಕ್ಟರು, ಮೆಲ್ಲಗೆ.

ಟ್ರೊಮ್ಸೊದಲ್ಲಿ ಎಂಆರ್‌ಐ. ಸೊಂಟದ ಕೀಲುಗಳ ಅಂಚಿಗೆ
ಎಕ್ಸ್‌ರೇ ಕಾಣದಿದ್ದ ಬಿಳಿ.
ಉರಿಯೂತ, ಎಂದರು. ಔಷಧಿಯಿದೆ, ಎಂದರು.
ಹನ್ನೊಂದು ವರ್ಷದ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಅಂದು ರಾತ್ರಿ ಮೂರಕ್ಕೆ ಅಮ್ಮನಿಗೆ ಫೋನು ಮಾಡಿದಳು.
ಒಂದೇ ರಿಂಗಿಗೆ ಎತ್ತಿದಳು ಅಮ್ಮ.
ಏನು ಮಾಡುತ್ತಿದ್ದೀ ಈ ಹೊತ್ತಿನಲ್ಲಿ?

ನಡೆಯುತ್ತಿದ್ದೇನೆ.
ಯಾಕೆ, ಎಲ್ಲರೂ ನಡೆಯುವುದಿಲ್ಲವೇ?