ಏಳು ಅಕ್ಷರ

ಕಿಟೆಂಗೆಲಾದಲ್ಲಿ ನನ್ನದು ಬೋರ್ಡು ಬರೆಯುವ ಕಸುಬು.
'ಇನಉಜ್ವ' ಅಂದರೆ ಮಾರಾಟಕ್ಕಿದೆ,
'ಹಾಇಉಜ್ವಿ' ಅಂದರೆ ಮಾರುವುದಿಲ್ಲ.
ನಮ್ಮ ಬರಹದಲ್ಲಿ ಎರಡಕ್ಕೂ ಏಳೇ ಅಕ್ಷರ,
ಒಂದೇ ದರ, ಒಂದೇ ಕೆಂಪು.
ಕೆಳಗೆ ಫೋನ್ ನಂಬರು ಬೇಕಾದರೆ ಬೇರೆ ಕಾಸು.

ಹದಿನೈದು ವರ್ಷದ ಕೆಳಗೆ ಇಲ್ಲಿ ಬರೆಯಲು ಗೋಡೆಯೇ ಇರಲಿಲ್ಲ.
ಕಪ್ಪು ಮಣ್ಣು, ಮುಳ್ಳುಜಾಲಿ, ಗಾಳಿ.
ನಸುಕಿನಲ್ಲಿ ಜೀಬ್ರಾಗಳು ಪಾರ್ಕಿನಿಂದ ಹೊರಬಿದ್ದು
ಯಾರನ್ನೂ ಕೇಳದೆ ದಾಟುತ್ತಿದ್ದವು.
ಈಗ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ;
ಒಳಗೆ ಕಾಯಲಿಕ್ಕೆ ಹುಲ್ಲು ಬಿಟ್ಟು ಬೇರೇನಿಲ್ಲ.
ಸಿಮೆಂಟಿನ ಲಾರಿಯ ಹಿಂದೆ ನೀರಿನ ಟ್ಯಾಂಕರು,
ಟ್ಯಾಂಕರಿನ ಹಿಂದೆ ಬ್ಯಾಂಕಿನವರ ಕಾರು.
ಮಾಲ್ ಬಂತು. ಮೋರಿ ಇನ್ನೂ ಬರಬೇಕು.

ಸಿಮಾಲೋಯ್ ಒಂದು ದಿನ ಕರೆಸಿದ್ದಳು.
ಮಾವ ನಲವತ್ತು ಎಕರೆಯನ್ನು ತುಂಡು ತುಂಡಾಗಿ ಕೊಟ್ಟು
ಉಳಿಸಿದ್ದು ದನ ಕಟ್ಟುವಷ್ಟು ಜಾಗ.
ಗೋಡೆಯಿಲ್ಲ ಅವಳಿಗೆ. ತಗಡಿನ ಬಾಗಿಲ ಮೇಲೆ ಬರೆ ಅಂದಳು,
'ಸಣ್ಣಗೆ ಬರಿ. ಅಷ್ಟು ಜೋರಾಗಿ ಹೇಳಿದರೆ ಬೇಡಿದ ಹಾಗಿರುತ್ತೆ.'
ಬಣ್ಣ ಆರುವ ಮೊದಲೇ ಟೈ ಕಟ್ಟಿದವನೊಬ್ಬ ಬಂದು ಕೇಳಿದ:
'ಮಾರುವುದಿಲ್ಲ, ಸರಿ. ಎಷ್ಟಕ್ಕೆ ಮಾರುವುದಿಲ್ಲ?'
ಅವಳು ನಕ್ಕಳು, ನಾನೂ.
ಕರುವೊಂದು ಬಾಗಿಲಿಗೆ ಮೈಯುಜ್ಜಿ
ಪಕ್ಕೆಯ ಮೇಲೆ ಅರ್ಧ ಅಕ್ಷರ ಹೊತ್ತು ಹೋಯಿತು.

ನಾನೂ ಒಂದು ತುಂಡು ಕೊಂಡೆ, ಹೇಳಿಬಿಡುತ್ತೇನೆ.
ಇಸಿನ್ಯಾ ದಾರಿಯಲ್ಲಿ, ಐವತ್ತಕ್ಕೆ ನೂರು ಅಡಿ,
ಸಹಕಾರ ಸಂಘದಲ್ಲಿ ಮೂವತ್ತಾರು ಕಂತು.
ಅವರ ಬಣ್ಣದ ಕಾಗದದಲ್ಲಿ ಉಯ್ಯಾಲೆಯಿತ್ತು, ಉಯ್ಯಾಲೆಯಲ್ಲಿ ಮಗುವಿತ್ತು.
ಕೊನೆಯ ಕಂತು ಕಟ್ಟಿದ ಭಾನುವಾರ
ಸ್ಯೊಂಬುವಾ ಚರ್ಚಿನ ಚಪ್ಪಲಿಯಲ್ಲೇ ಬಂದಳು,
ನನ್ನ ಹಳೆಯ ಬಣ್ಣದ ಡಬ್ಬದಲ್ಲಿ ಮಾವಿನ ಸಸಿ.
ಸರ್ವೆ ಕಲ್ಲು ಹುಡುಕುತ್ತ ನಡೆದೆವು.
ಕಲ್ಲು ಸಿಗಲಿಲ್ಲ. ಗೋಡೆ ಸಿಕ್ಕಿತು,
ನಾಲ್ಕೂ ಕಡೆ, ಎದೆಯೆತ್ತರ.
ಮೇಲೆ ಕೆಂಪಗೆ: ಹಾಇಉಜ್ವಿ.

ಐದನೆಯ ಅಕ್ಷರದ ಬಾಲವನ್ನು ಹಾಗೆ ಎಳೆಯುವವನು
ಈ ಊರಿಗೆಲ್ಲ ಒಬ್ಬನೇ.
ಹೋದ ವರ್ಷ, ಯಾರಿಗೋ. ಸೈಟಿನ ನಂಬರು ಕೇಳಿರಲಿಲ್ಲ,
ಯಾಕೆ ಕೇಳಲಿ, ಕೂಲಿ ಕೈಗೆ ಬಂದಿತ್ತು.

ಅವಳು ಡಬ್ಬವನ್ನು ನೆರಳಿಗಿಟ್ಟು
ಗೋಡೆಯನ್ನು ಬೆರಳಿಂದ ಕೆರೆದು ನೋಡಿದಳು.
'ಚೆನ್ನಾಗಿ ಬರೆದಿದ್ದಾನೆ, ಯಾರೋ,' ಅಂದಳು.
'ಅಳಿಸೋದು ಕಷ್ಟ.'

ಎರಡು ಕೋಟು ಬಳಿದಿದ್ದೆ.