ಶ್ವಾಸ ಸೋಡಾ

"ಶ್ವಾಸ ಘ್ಯಾ" ಅಂತಾರ ದೇಶಮಾನೆ ಬಾಯಿ,
"ಶ್ವಾಸ ಸೋಡಾ."
ಮೊದಲ ದಿನ ನಕ್ಕಿದ್ದೆ:
ಮುಂಜಾನಿ ಐದಕ್ಕ ಯಾರು ಸೋಡಾ ಕುಡಿಯೋರು?
ಬಿಡೂದಕ್ಕ ಮರಾಠಿಯೊಳಗ ಹಂಗಂತಾರ.

ಸೊಲ್ಲಾಪುರದ ಟಾವೆಲ್ ಮಗ್ಗದ ಮುಂದ
ಇಪ್ಪತ್ತೆರಡು ವರ್ಷ ನಿಂತಾಂವ ನಾನು.
ಎದಿಯೊಳಗಿನ ಅರಳಿ ತಗದರ
ಒಂದು ಗಾದಿ ತುಂಬಬಹುದು.
ಮೂರು ತಿಂಗಳಾತು; ಈಗ
ಅಕ್ಕಲಕೋಟ ರಸ್ತಾದ ಚಡಾವು
ಸೈಕಲ್ ಇಳೀದ ಏರತೀನಿ.
ಇದು ಖರೇ.

ಇಷ್ಟಕ್ಕ ಸುಮ್ಮನಿರಬೇಕಿತ್ತು.
ಬಾಜೂ ಚಾಪಿಯ ರೇವಣಸಿದ್ದ
ತಲಿ ಕೆಳಗ ಮಾಡಿ ನಿಂತ. ನಾನೂ ನಿಂತೆ.
ಬಾಯಿ "ನಕೋ, ನಕೋ" ಅನ್ನೂದರೊಳಗ
ಕುತ್ತಿಗಿಯೊಳಗ ಎಳಿ ಹರದ ಸಪ್ಪಳ.
ಗೊತ್ತದ ನನಗ ಆ ಸಪ್ಪಳ:
ಮಗ್ಗ ನಿಲ್ಲಸ್ತೀವಿ, ಗಂಟು ಹಾಕತೀವಿ, ಮತ್ತ ಚಾಲೂ.
ಇಲ್ಲಿ ಗಂಟು ಹಾಕೋರ್ಯಾರು?

ಸಿವಿಲ್ ಆಸ್ಪತ್ರಿ. ಕೊರಳಿಗೆ ಪಟ್ಟಾ, ಆರು ವಾರ ಖಾಡಾ.
"ಬಿ.ಪಿ. ಅದ ಅಂತ ಬಾಯಿಗೆ ಹೇಳಿದ್ದೇನು?"
ಹೇಳಿರಲಿಲ್ಲ.
ನನಗರ ಯಾರು ಹೇಳಿದ್ರು?

ಈಗ ಬರೇ ಶವಾಸನ.
ಸಸಾರ ಅಂದ್ಕೋಬ್ಯಾಡ್ರಿ.
ಬೆರಳು ಬಿಟ್ಟೆ, ಮೊಣಕಾಲು ಬಿಟ್ಟೆ, ದವಡಿ ಬಿಟ್ಟೆ;
ಕಿವಿಯೊಳಗ ಖಟ್ ಖಟಕ್, ಖಟ್ ಖಟಕ್,
ಯಾರೂ ಮುಂದ ನಿಂತಿಲ್ಲ,
ಮಗ್ಗ ನಡದೇ ಅದ.

"ಸೋಡಾ" ಅಂತಾರ ಬಾಯಿ.