ಸುಣ್ಣ ಅರಳುವ ಹೊತ್ತು

ಸಿಯು ಊರಿನಾಚೆ, ಉಬ್ಬರ ಮುಟ್ಟದ ಮರಳಲ್ಲಿ
ಕೊಂಬೊ ಕಟ್ಟಿಗೆ ಒಟ್ಟುತ್ತಾನೆ,
ಗಾಡಿಯ ಗಾಲಿಯ ಹಾಗೆ, ಎಲ್ಲವೂ ನಡುವಿಗೆ ಮುಖಮಾಡಿ.
ಕಾಂಡ್ಲಾ ಸಿಗುವುದಿಲ್ಲ ಈಗ, ಕಡಿದರೆ ದಂಡ.
ತೆಂಗಿನ ಬೊಡ್ಡೆ, ಮುರಿದ ದೋಣಿಯ ಪಕ್ಕೆಲುಬು,
ಯಾರೋ ಬಿಸಾಕಿದ ಬಾಗಿಲ ಚೌಕಟ್ಟು.
ಅದರ ಮೇಲೆ ಹವಳದ ಕಲ್ಲು, ಆಳೆತ್ತರ.

ಕಲ್ಲು ಅನ್ನುವುದು ರೂಢಿ. ಹತ್ತಿರ ಹಿಡಿದು ನೋಡಿದರೆ
ಅಕ್ಕಿಕಾಳಿನಷ್ಟು ತೂತು, ತೂತಿನೊಳಗೊಂದು ತೂತು,
ಯಾವುದೋ ಮೆತ್ತನೆ ಜೀವ ಒಂದೊಂದರಲ್ಲಿ ಕೂತು
ಕಡಲನ್ನೇ ಸೋಸಿ ಸೋಸಿ
ಗಟ್ಟಿಯಾದದ್ದನ್ನು ಸುತ್ತ ಕಟ್ಟಿಕೊಂಡ ಮನೆ.
ಬಾಡಿಗೆಯವರು ಖಾಲಿ ಮಾಡಿ ಎಷ್ಟು ಸಾವಿರ ವರ್ಷವೋ.

ಕೊಂಬೊನ ಎಡಗಣ್ಣು ಬೆಳ್ಳಗೆ.
ಹತ್ತೊಂಬತ್ತರ ಪ್ರಾಯದಲ್ಲಿ ಸಿಡಿದದ್ದು.
ಒಂದು ಕಣ್ಣಿಗೆ ಸುಣ್ಣ; ಇನ್ನೊಂದಕ್ಕೆ
ಬೆಣ್ಣೆಯೇನೂ ಬೀಳಲಿಲ್ಲ,
ಅದು ಒಂಟಿಯಾಗಿ ಬೆಂಕಿ ಕಾಯುತ್ತದೆ
ಒಂದು ರಾತ್ರಿ, ಒಂದು ಹಗಲು.
ಬರೀ ಕೆಂಪು ಸಾಲದಂತೆ,
ಪಪ್ಪಾಯಿ ಹೆಚ್ಚಿದಾಗ ಕಾಣುವ ಬಣ್ಣ ಬರಬೇಕಂತೆ.

ಆರಿದ ಮೇಲೆ ಬುಟ್ಟಿ ಎತ್ತಿದೆ.
ನಿನ್ನೆ ಹೊತ್ತ ಅದೇ ಕಲ್ಲು, ಇವತ್ತು
ಹೆಚ್ಚುಕಡಿಮೆ ಅರ್ಧ ಹಗುರ.
"ಹೊಗೆ ತೂಕ ಕದಿಯುತ್ತದೆ,"
ಅನ್ನುತ್ತಿದ್ದನಂತೆ ಇವನಪ್ಪ, ಬೂದಿಗೆ ಬೈದು.

ತಿಮಾ, ಅಣ್ಣನ ಮಗಳು, ಲಾಮುವಿನ ಹೈಸ್ಕೂಲಿಂದ ರಜೆಗೆ ಬಂದವಳು,
ಮರಳಲ್ಲಿ ಬೆರಳಾಡಿಸಿ ಬರೆದಳು:
ಕ್ಯಾಲ್ಸಿಯಂ ಒಂದು, ಇಂಗಾಲ ಒಂದು, ಆಮ್ಲಜನಕ ಮೂರು.
ನೂರು ಕಿಲೋ ಸುಟ್ಟರೆ ನಲವತ್ತನಾಲ್ಕು ಗಾಳಿಗೆ.
ನಾವು ಹೊರಗೆ ಬಿಡುತ್ತೇವಲ್ಲ ಉಸಿರು,
ಅದರಲ್ಲಿರುವ ಅದೇ ಗಾಳಿ.
ಸೌದೆ ಇಳಿಸಿದ ಕತ್ತೆಯೊಂದು
ಮೂರರ ಮೇಲೆ ಕಾಲಿಟ್ಟು ಹೋಯಿತು.

ಆಮೇಲೆ ನೀರು.
ಬಿಳಿ ಹೆಂಟೆ ಮೊದಲು ಸುಮ್ಮನಿರುತ್ತದೆ
ಕರೆದದ್ದು ಕೇಳಿಸಲಿಲ್ಲವೆಂಬಂತೆ.
ಮತ್ತೆ ಬುಸುಗುಟ್ಟಿ, ಬಿರಿದು, ಕೊತಕೊತ ಕುದಿದು
ಹಾಲುಕ್ಕಿದಂತೆ ಅಂಚಿಗೆ ಬರುತ್ತದೆ.
ಗಾರೆ ಕೆಲಸ ಕಲಿಯಲು ಬಂದಿದ್ದ ನಾನು ಹೇಳಿದೆ,
ನಮ್ಮ ಮಾತಿನಲ್ಲಿ ಇದಕ್ಕೆ ಅರಳುವುದು ಅನ್ನುತ್ತೇವೆ.
ಕೊಂಬೊ ನಕ್ಕ:
"ಹೂವಾದರೆ ಬಗ್ಗಿ ಮೂಸಿ ನೋಡು."

ಒಂದು ಡಬ್ಬಿ ದೋಣಿಯವರಿಗೆ,
ಕೊಬ್ಬಿನಲ್ಲಿ ಕಲಸಿ ತಳಕ್ಕೆ ಬಳಿದರೆ ಹುಳ ಕೊರೆಯುವುದಿಲ್ಲ.
ಎಲೆಯಡಿಕೆ ಮೆಲ್ಲುವ ಮುದುಕಿಯರಿಗೆ ಚಿಟಿಕೆ, ಸಾಲ.
(ಆ ಸಾಲ ಯಾರೂ ಬರೆದಿಡುವುದಿಲ್ಲ.)
ಸಿಮೆಂಟು ಚೀಲ ಲಾಂಚಿನಲ್ಲಿ ಬಂದಿಳಿಯುತ್ತದೆ, ಬೇಗ, ಬೂದು.
ನಮ್ಮ ಗೋಡೆಗೆ ಮಾತ್ರ ಹೋದ ವರ್ಷದ ಸುಣ್ಣ,
ಗುಂಡಿಯಲ್ಲಿ ಮಾಗಿ ಗಟ್ಟಿ ಮೊಸರಾದದ್ದು.

ಗೋಡೆ ಮ್ವಾನಾ ಖಾದಿಯ ಕೋಣೆಯದು, ಕೊಂಬೊನ ತಾಯಿಯದು.
ಅವಳು ಮದುವೆಯಾಗಿ ಬಂದ ವರ್ಷ ಬಳಿದ ಗಾರೆ;
ಒಂದು ಮೂಲೆ ಮಾತ್ರ ಉದುರಿದೆ.
"ಇದು ಬರೀ ಒಣಗುವುದಲ್ಲ ಚಿಕ್ಕಪ್ಪ," ಅಂದಳು ತಿಮಾ,
"ಬೆಂಕಿಯಲ್ಲಿ ಕಳೆದುಕೊಂಡ ಗಾಳಿಯನ್ನು
ಹಸಿ ಗೋಡೆ ಮತ್ತೆ ಎಳೆದುಕೊಳ್ಳುತ್ತದೆ,
ಮೆಲ್ಲಗೆ, ವರ್ಷಗಟ್ಟಲೆ, ಮತ್ತೆ ಕಲ್ಲಾಗುವ ತನಕ.
ಕೋಣೆಯಲ್ಲಿ ಯಾರಿದ್ದಾರೋ ಅವರದ್ದನ್ನೂ."

ಕರಣೆ ನಿಂತಿತು.
"ಅಂದರೆ, ಅಮ್ಮನದು?"
"ಸ್ವಲ್ಪ. ಎಲ್ಲರದ್ದೂ ಸ್ವಲ್ಪ. ಕತ್ತೆಯದ್ದೂ."

ನಂಬುವುದಿಲ್ಲವೇ, ಇರು, ಅಂತ
ಅಡುಗೆಮನೆಯಿಂದ ಲಿಂಬೆಹೋಳು ತಂದು
ಹಳೆ ಗಾರೆಯ ಮುರಿದ ಅಂಚಿಗೆ ಹಿಂಡಿದಳು.
ಸಣ್ಣಗೆ ಗುಳ್ಳೆ. ಸಾಸಿವೆಗಿಂತ ಸಣ್ಣ.
ಎದ್ದವು, ಒಡೆದವು. ಮೂವರೂ
ಕಿವಿಯನ್ನು ಗೋಡೆಗೆ ತಾಗುವಷ್ಟು ತಂದೆವು,
ಚುರುಚುರು ಅಂದದ್ದು ನನಗಂತೂ ಕೇಳಿಸಿತು.

ಎರಡನೇ ಹನಿ ಬೀಳುವ ಮೊದಲೇ
ಕೊಂಬೊ ಅಂಗೈಯನ್ನು ಅಡ್ಡ ಒತ್ತಿ ಹಿಡಿದ:
"ಸಾಕು ಮಗಳೇ.
ಖರ್ಚು ಮಾಡಬೇಡ."